ಕಾಯಿ ಎಂದರೆ ಯಾವ ಕಾಯಿ?

ಬದನೆಯೂ ಕಾಯಿಯೇ, ಹೀರೆಯೂ ಕಾಯಿಯೇ. ಆದರೂ ಅಡುಗೆಮನೆಯಿಂದ ‘ಸ್ವಲ್ಪ ಕಾಯಿ ತುರಿದುಕೊಡಿ’ ಎಂದು ಅಪ್ಪಣೆಯಾದರೆ ನಾನು ಬದನೆಕಾಯಿಗೆ ಕೈಹಾಕುವುದಿಲ್ಲ. ಕಾಯಿಗಳ ಕುಲಕ್ಕೆ ತೆಂಗು ಯಜಮಾನ. ಕುಲದ ಹೆಸರನ್ನೇ ತನ್ನ ಹೆಸರು ಮಾಡಿಕೊಂಡು ಕುಳಿತಿದೆ. ಎಣ್ಣೆಯ ಕಥೆ ಇದಕ್ಕೆ ತಿರುಗುಮುರುಗು. ಎಳ್ಳಿನ ನೆಯ್ ಎಂಬುದೇ ಎಣ್ಣೆಯಾಯಿತು. ಈಗ ಕಡಲೆಕಾಯಿ ಎಣ್ಣೆಗೂ ಸೀಮೆಎಣ್ಣೆಗೂ ಅದೇ ಹೆಸರು.

ಒಂದು ಗುಂಪಿನ ವಸ್ತುಗಳೆಲ್ಲ ಸಮಾನವಲ್ಲ. ಕೆಲವು ಗುಂಪಿಗೇ ಮಾದರಿ, ಕೆಲವು ಹೆಸರಿಗಷ್ಟೇ ಸದಸ್ಯರು. ಇದನ್ನು ಎಲಿನರ್ ರಾಷ್ ಎಂಬ ಮನೋವಿಜ್ಞಾನಿ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿದರು. ಅಮೆರಿಕದ ವಿದ್ಯಾರ್ಥಿಗಳಿಗೆ ಹಕ್ಕಿಗಳಲ್ಲಿ ಅಲ್ಲಿನ ರಾಬಿನ್ ಮೊದಲು, ಪೆಂಗ್ವಿನ್ ಎಲ್ಲೋ ಕೊನೆಗೆ. ಹಣ್ಣುಗಳಲ್ಲಿ ಕಿತ್ತಳೆ ಮೊದಲು. ರಾಶಿ ರಾಶಿ ಬರಹವನ್ನು ಓದಿ ಮಾತು ಕಲಿತ ಯಂತ್ರಗಳು, ಅಂದರೆ ಭಾಷಾ ಮಾದರಿಗಳು, 2021ರಲ್ಲಿ ಇಂತಹುದೇ ಪರೀಕ್ಷೆಗೆ ಕುಳಿತವು. ಮನುಷ್ಯರ ತೀರ್ಪಿಗೂ ಅವುಗಳದಕ್ಕೂ ಹೊಂದಿಕೆ ಇತ್ತು, ಆದರೆ ಸಾಧಾರಣ ಮಟ್ಟದ್ದು.

ನನಗಿದು ಆಶ್ಚರ್ಯವೆನಿಸಲಿಲ್ಲ. ಕಾಗೆ ಒಂದು ಹಕ್ಕಿ ಎಂದು ಯಾರು ತಾನೆ ಬರೆಯುತ್ತಾರೆ? ಎಲ್ಲರಿಗೂ ಗೊತ್ತಿರುವುದನ್ನು ಕಾಗದಕ್ಕಿಳಿಸುವ ಗೊಡವೆ ಯಾರಿಗೂ ಬೇಡ, ಅಪರೂಪವಾದದ್ದೇ ಅಚ್ಚಾಗುವುದು. ಬರಿಯ ಓದಿನಿಂದ ಕಲಿತವರಿಗೆ ಈ ಪಾಠ ಅರ್ಧವೇ ದಕ್ಕುತ್ತದೆ.

ನಮ್ಮ ಬೆಂಗಳೂರಿನ ಎರಡು ಅಂಚುಗಳನ್ನೇ ನೋಡಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ‘ಕಂಪನಿ’ ಎಂದರೆ ಗಾಜಿನ ಗೋಡೆ, ಕೊರಳಲ್ಲಿ ಗುರುತಿನ ಚೀಟಿ. ಪೀಣ್ಯದಲ್ಲಿ ಅದೇ ಮಾತಿಗೆ ಲೇತು, ಗ್ರೀಸಿನ ವಾಸನೆ, ಶಿಫ್ಟಿನ ಲೆಕ್ಕ. ‘ಕಾರ್ಮಿಕ’ ಎಂದೊಡನೆ ಸುತ್ತಿಗೆ ಹಿಡಿದ ಗಂಡಸೊಬ್ಬ ಕಣ್ಣಮುಂದೆ ನಿಲ್ಲುತ್ತಾನೆ. ಆದರೆ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಸುತ್ತಿಗೆಯ ಚಿತ್ರ ಪುಸ್ತಕಗಳಲ್ಲಿ, ಭಿತ್ತಿಪತ್ರಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಈ ಹೆಂಗಸರನ್ನು ಕಾಣಬೇಕಾದರೆ ಬೆಳಗ್ಗೆ ಪೀಣ್ಯದ ರಸ್ತೆಯಲ್ಲಿ ನಿಲ್ಲಬೇಕು. ಊಟದ ಡಬ್ಬಿ ಹಿಡಿದು ಅವಸರದಿಂದ ಹೋಗುತ್ತಿರುತ್ತಾರೆ.

ಹಕ್ಕಿಯ ವಿಷಯದಲ್ಲಿ ಯಂತ್ರ ತಪ್ಪಿದರೆ ನಷ್ಟವಿಲ್ಲ. ಆದರೆ ನಾಳೆ ಅದೇ ಯಂತ್ರ ಅರ್ಜಿ ಓದಲು, ಮಕ್ಕಳಿಗೆ ಪಾಠ ಹೇಳಲು ಕುಳಿತರೆ, ಅದರ ಲೆಕ್ಕದಲ್ಲಿ ಮಾದರಿ ಯಾರು, ಪೆಂಗ್ವಿನ್ ಯಾರು ಎಂಬುದು ಅನ್ನದ ಪ್ರಶ್ನೆಯಾಗುತ್ತದೆ. ಗೊತ್ತಿದೆಯೆಂದು ಬಿಟ್ಟ ಸಂಗತಿಗಳನ್ನು ಇನ್ನಾದರೂ ಬರೆದಿಡುವುದು ಲೇಸು. ಕಾಗೆ ಹಕ್ಕಿಯೆಂದು, ಕಾಯಿ ಎಂದರೆ ತೆಂಗೆಂದು, ಪೀಣ್ಯದಲ್ಲಿ ದಿನವೆಲ್ಲ ಅಂಗಿಗೆ ಕಾಲರು ಹೊಲಿಯುವಾಕೆಯೇ ಕಾರ್ಮಿಕಳೆಂದು; ಅದೂ ಕನ್ನಡದಲ್ಲಿ.