ಎರಡನೇದು ಇಳಿಯದ ಕಾಫಿ

ಒಂದು ಸಲ ಬಳಸಿದ ಕಾಫಿಪುಡಿಯನ್ನು ಹಾಗೇ ಎಸೆಯುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿಲ್ಲ. ಮೂಡಿಗೆರೆ ಕಡೆಯ ತೋಟದ ಮನೆ ನಮ್ಮದು. ನಸುಕಿನಲ್ಲೇ ಎದ್ದು ಅಮ್ಮ ಹಿತ್ತಾಳೆ ಫಿಲ್ಟರಿಗೆ ಕುದಿನೀರು ಹೊಯ್ಯುತ್ತಿದ್ದಳು. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ ಅಪ್ಪನಿಗೆ, ಮನೆಗೆ ಬಂದವರಿಗೆ. ಅದೇ ಪುಡಿಗೆ ಇನ್ನೊಮ್ಮೆ ನೀರು ಬಿಟ್ಟು ಇಳಿಸಿದ್ದು ಮಕ್ಕಳಿಗೆ ಮತ್ತು ಅವಳಿಗೆ. ಮನೆಯ ಸುತ್ತ ರೋಬಸ್ಟಾ ಗಿಡಗಳೇ ಇದ್ದರೂ ಚೆಂದದ ಬೀಜವೆಲ್ಲ ಮೂಟೆ ಸೇರಿ ಕ್ಯೂರಿಂಗಿಗೆ ಹೋಗುತ್ತಿತ್ತು. ನಮ್ಮ ಬಾಣಲೆಗೆ ಬರುತ್ತಿದ್ದುದು ಒಡಕು, ಮುರುಕು. ಎರಡನೇ ಡಿಕಾಕ್ಷನ್ನಿನ ಆ ತೆಳುಗಹಿಯನ್ನೇ ನಾನು ಬಹಳ ಕಾಲ ಕಾಫಿಯ ರುಚಿ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಮಗಳು ಇಟಲಿಯ ಟ್ರಿಯೆಸ್ಟೆಯಲ್ಲಿ ಓದು ಮುಗಿಸಿ ಮೈಸೂರಿಗೆ ಬಂದಾಗ ಒಂದು ಪುಟ್ಟ ಎಸ್‌ಪ್ರೆಸೊ ಯಂತ್ರವನ್ನೂ ಒಂದು ಡಬ್ಬಿ ಕಾಗದದ ಪಾಡ್‌ಗಳನ್ನೂ ತಂದಳು. ಪಾಡ್ ಎಂದರೆ ಎರಡು ಸೋಸುಕಾಗದಗಳ ನಡುವೆ ಒತ್ತಿ ಕೂರಿಸಿದ 7 ಗ್ರಾಂ ಪುಡಿ. 44 ಮಿಲಿಮೀಟರ್ ಅಗಲದ ಬಿಲ್ಲೆ. ಪುಡಿ ಎಷ್ಟು ನುಣ್ಣಗಿರಬೇಕು, ಎಷ್ಟು ತೂಗಬೇಕು, ಎಷ್ಟು ಒತ್ತಬೇಕು ಎಂಬ ಕೆಲಸವೆಲ್ಲ ಅದರೊಳಗೇ ಮುಗಿದಿರುತ್ತದೆ. 1970ರ ದಶಕದಲ್ಲಿ ಇದನ್ನು ಬಳಕೆಗೆ ತಂದದ್ದು ಟ್ರಿಯೆಸ್ಟೆಯದೇ ಒಂದು ಕಂಪನಿ. ಅದರ ಹೆಸರು ‘ಇಲ್ಲಿ’ ಎಂದು ಮಗಳು ಹೇಳಿದಾಗ ಅದೆಷ್ಟು ಹತ್ತಿರದ ಹೆಸರು ಅನ್ನಿಸಿತು.

ಅವಳು ತಂದದ್ದು ಬೇರೆಯವರದು, ರೋಬಸ್ಟಾ ಬೆರೆಸಿದ್ದು. ಬೀಜ ಯಾವ ಊರಿನದೆಂದು ಡಬ್ಬಿಯ ಮೇಲೆ ಬರೆದಿರಲಿಲ್ಲ. ಆದರೆ ನಮ್ಮ ದೇಶದ ಕಾಫಿಯನ್ನು ಹೆಚ್ಚು ಕೊಳ್ಳುವವರಲ್ಲಿ ಇಟಲಿಯವರು ಮುಂದು. ಎಸ್‌ಪ್ರೆಸೊಗೆ ಮೈಯೂ ಮೇಲಿನ ಗಟ್ಟಿ ನೊರೆಯೂ ಬರಲೆಂದು ನಮ್ಮ ರೋಬಸ್ಟಾವನ್ನು ಒಯ್ದು ಬೆರೆಸುತ್ತಾರೆ. ನಮ್ಮಂಥವರ ಕಣದಲ್ಲಿ ಒಣಗಿದ ಬೀಜವೇ ಹಡಗು ಹತ್ತಿ ಹೋಗಿ, ಕಾಗದ ಹೊದ್ದು ನನ್ನ ಅಡುಗೆಮನೆಗೆ ಮರಳಿರಬಹುದು. ಹಾಗೆ ಯೋಚಿಸಿದ ಮೇಲೆ ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ.

ಆದರೂ ಮೊದಲ ವಾರವೆಲ್ಲ ಕೆಡಿಸಿದೆ. ಗುಂಡಿ ಒತ್ತಿದರೆ ಯಂತ್ರ ತಾನಾಗಿ ನಿಲ್ಲುವುದಿಲ್ಲ, ನಾವೇ ನಿಲ್ಲಿಸಬೇಕು. ನಾನು ಲೋಟ ತುಂಬುವವರೆಗೆ ಬಿಡುತ್ತಿದ್ದೆ. ಬಣ್ಣ ಇನ್ನೂ ಬರುತ್ತಿದೆ, ಒಳಗೆ ಇನ್ನೂ ಇದೆ, ಇರುವುದನ್ನು ಬಿಡುವುದು ಹೇಗೆ? ಕುಡಿದರೆ ನೀರುನೀರು, ನಾಲಿಗೆಯ ಬುಡದಲ್ಲಿ ಒಗರುಗಹಿ.

“ಅಮ್ಮಾ, ಅದರೊಳಗೆ ಇರೋದನ್ನೆಲ್ಲ ತೆಗೀಬಾರದು” ಎಂದಳು ಮಗಳು. ಹುರಿದ ಕಾಫಿಯ ತೂಕದಲ್ಲಿ ನೀರಿಗೆ ಕರಗಬಲ್ಲದ್ದು ಸುಮಾರು ಶೇ 30. ಬಾಯಿಗೆ ಹಿತವಾಗಿರುವುದು ಆ 30ರಲ್ಲಿ 18ರಿಂದ 22ರವರೆಗೆ ಮಾತ್ರ. ಹುಳಿ ಬೇಗ ಕರಗಿ ಬರುತ್ತದೆ, ಹಿಂದೆಯೇ ಸಿಹಿ, ಕಹಿ ಮತ್ತು ಒಗರು ಕೊನೆಗೆ. ಬೇಗ ನಿಲ್ಲಿಸಿದರೆ ಬರೀ ಹುಳಿ, ತಡವಾದರೆ ನಾನು ಕುಡಿದದ್ದು. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಯುತ್ತದೆ. ಇಲ್ಲಿ ಹಾಗಲ್ಲ. 9 ಬಾರ್ ಒತ್ತಡ, ಅಂದರೆ ಸುಮಾರು 90 ಮೀಟರ್ ಎತ್ತರದ ನೀರು ಆ ಪುಟ್ಟ ಬಿಲ್ಲೆಯ ಮೇಲೆ ನಿಂತಷ್ಟು ಭಾರ. 25–30 ಸೆಕೆಂಡಿನಲ್ಲಿ ಎಲ್ಲ ಮುಗಿಯಬೇಕು. ಅಷ್ಟು ಹೊತ್ತು ಬೇರೆ ಕೆಲಸಕ್ಕೆ ಕೈ ಹಾಕುವಂತಿಲ್ಲ.

ಪುಡಿಯ ಕೆಲಸ ಮುಗಿದಿದ್ದರೂ ನನ್ನ ಪಾಲಿಗೆ ಉಳಿದದ್ದು ಸಣ್ಣದಲ್ಲ ಎಂದು ಆಮೇಲೆ ತಿಳಿಯಿತು. ಯಂತ್ರದ ದೀಪ ಬೇಗ ಹತ್ತುತ್ತದೆ, ಆದರೆ ಬಿಲ್ಲೆ ಕೂರುವ ಲೋಹದ ಬಟ್ಟಲು ಇನ್ನೂ ತಣ್ಣಗಿರುತ್ತದೆ. 90 ಡಿಗ್ರಿಯಲ್ಲಿ ಹೊರಟ ನೀರು ಆ ಲೋಹಕ್ಕೆ ಬಿಸಿ ಕೊಟ್ಟು ಬಡವಾಗಿ ಕಾಫಿಯನ್ನು ಮುಟ್ಟುತ್ತದೆ. ರುಚಿ ಹುಳಿಯಲ್ಲೇ ನಿಂತುಬಿಡುತ್ತದೆ. ಅದಕ್ಕೆ ಹತ್ತು ನಿಮಿಷ ಕಾಯಿಸಿ, ಬಿಲ್ಲೆ ಇಡದೆ ಒಂದು ಸಲ ಬರಿ ಬಿಸಿನೀರು ಹರಿಸಿ, ಅದೇ ನೀರಿನಲ್ಲಿ ಕಪ್ಪನ್ನೂ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಅಮ್ಮ ಫಿಲ್ಟರನ್ನು ಒಲೆಯ ಪಕ್ಕ ಇಟ್ಟು ಕಾಯಿಸಿಕೊಳ್ಳುತ್ತಿದ್ದದ್ದು ಯಾಕೆಂದು ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಬಿಲ್ಲೆ ಕೂರಿಸುವಾಗ ಅಂಚಿನ ಕಾಗದ ಒಂದಿಷ್ಟೂ ಮಡಚಬಾರದು. ಗದ್ದೆ ಬದುವಿನಲ್ಲಿ ಏಡಿ ತೋಡಿದ ಒಂದು ಬಿಲ ಸಾಕು, ಗದ್ದೆಯ ನೀರೆಲ್ಲ ಅಲ್ಲೇ ಹೋಗುತ್ತದೆ. ಇಲ್ಲೂ ಅಷ್ಟೆ. ಮಡಚಿದ ಕಡೆ ನೀರು ದಾರಿ ಮಾಡಿಕೊಂಡು, ಪುಡಿಯನ್ನು ಮುಟ್ಟದೆ ನುಸುಳಿ ಬರುತ್ತದೆ. ಒಂದೊಂದಾಗಿ ಕಟ್ಟಿಟ್ಟ ಲಕೋಟೆಯನ್ನು ಬಿಲ್ಲೆ ಇಡುವ ಹೊತ್ತಿಗೇ ಹರಿಯಬೇಕು. ಗಾಳಿ ತಾಗಿ ಕೂತದ್ದಕ್ಕೆ ಘಮವಿಲ್ಲ. ಇನ್ನು ನೀರು. ನಮ್ಮ ಬಡಾವಣೆಯ ಬೋರ್‌ವೆಲ್ ನೀರು ಗಡಸು, ಯಂತ್ರದೊಳಗೆ ಸುಣ್ಣ ಕಟ್ಟಿ ಬಿಸಿಯನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ನಿಂಬೆ ಉಪ್ಪು ಕರಗಿಸಿದ ನೀರು ಹರಿಸಿ, ಎರಡು ಮೂರು ಸಲ ತೊಳೆಯುತ್ತೇನೆ.

ಇಷ್ಟಾದ ಮೇಲೆ ಗುಂಡಿ ಒತ್ತಿದರೆ ಮೊದಲ ಕೆಲವು ಸೆಕೆಂಡು ಏನೂ ಬರುವುದಿಲ್ಲ. ನೀರು ಒಳಗೆ ಪುಡಿಯನ್ನು ನೆನೆಸುತ್ತಿರುತ್ತದೆ. ಆಮೇಲೆ ಜೋನಿಬೆಲ್ಲದ ಬಣ್ಣದ, ಜೋನಿಬೆಲ್ಲದಷ್ಟೇ ಮಂದದ ಎಳೆ ಇಳಿಯುತ್ತದೆ. ಇಟಲಿಯವರು ಇದನ್ನು ಇಲಿಬಾಲ ಎನ್ನುತ್ತಾರೆ. ಅಷ್ಟೇ ಸಣ್ಣ, ತುದಿಯಲ್ಲಿ ಅಷ್ಟೇ ಬಳುಕು. ಬರಬರುತ್ತ ಬಣ್ಣ ತಿಳಿಯಾಗುತ್ತದೆ, ಎಳೆ ದಪ್ಪವಾಗಿ ನೀರಾಗಲು ಹವಣಿಸುತ್ತದೆ. ಆಗಲೇ ನಿಲ್ಲಿಸಬೇಕು. 30 ಮಿಲಿಲೀಟರ್ ಮೀರುವುದಿಲ್ಲ, ನಮ್ಮ ಪಂಚಪಾತ್ರೆಯ ತಳ ಮುಚ್ಚುವಷ್ಟು. ನನ್ನ ಬೆರಳು ಇವತ್ತಿಗೂ ಒಂದು ಗಳಿಗೆ ತಡೆಯುತ್ತದೆ.

ಹೋದ ಮಾಘದಲ್ಲಿ ಅಮ್ಮ ಬಂದಿದ್ದಳು. ಕಪ್ಪು ಬಿಸಿ ಮಾಡಿ, ಬಿಲ್ಲೆ ಕೂರಿಸಿ, ಸರಿಯಾದ ಹೊತ್ತಿಗೆ ನಿಲ್ಲಿಸಿ ಅವಳ ಕೈಗೆ ಕೊಟ್ಟೆ. ಹಾಲಿಲ್ಲದ ಕಾಫಿಗೆ ಒಂದು ಚೂರು ಬೆಲ್ಲ ಕೇಳಿ ಬಾಯಿಗೆ ಹಾಕಿಕೊಂಡು, ಕಪ್ಪನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ಹಿಡಿದಳು. ಮೂರು ಗುಟುಕಿಗೆ ಮುಗಿಯಿತು.

“ಗಟ್ಟಿ ಇದೆ” ಎಂದಳು. ಆಮೇಲೆ ಯಂತ್ರದ ಕಡೆ ನೋಡಿ, “ಎರಡನೇದು ಇಳಿಸೋದಿಲ್ವೇನೇ ಮಾರಾಯ್ತಿ?”

“ಇದಕ್ಕೆ ಎರಡನೇದಿಲ್ಲಮ್ಮ.”

ಬಟ್ಟಲಿನಿಂದ ಬಿಸಿ ಬಿಲ್ಲೆಯನ್ನು ತೆಗೆದು ಅಂಗೈ ಬದಲಿಸುತ್ತ ಹಿಡಿದಳು, ಮೂಸಿದಳು, ಉಗುರಿನಿಂದ ಕಾಗದ ಸೀಳಿ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡಿದಳು. ಇಷ್ಟು ವರ್ಷದಲ್ಲಿ ಅಮ್ಮ ಮೊದಲ ಡಿಕಾಕ್ಷನ್ ಕುಡಿದದ್ದನ್ನು ನಾನು ನೋಡಿದ್ದು ಅವತ್ತೇ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಆ ಪುಡಿಯನ್ನು ದಾಸವಾಳದ ಬುಡಕ್ಕೆ ಹಾಕಲು ಹಿತ್ತಲಿಗೆ ಹೋದಳು. ನಾನು ಇನ್ನೊಂದು ಲಕೋಟೆ ಹರಿದೆ.