ಸೈಕಲ್ ತುಳದ್ರ ಹೊಟ್ಟಿ ತುಂಬತೈತೇನು?

ಕೊಯಿಚಿ ನಕಾನೊ ಯಾರು ಅಂತ ಬೈಲಹೊಂಗಲದ ಸಂತೆಯಲ್ಲಿ ಕೇಳಿದರೆ ಒಬ್ಬರೂ ಹೇಳಲಿಕ್ಕಿಲ್ಲ. ಜಪಾನಿನ ಸೈಕಲ್ ಓಟಗಾರ ಇವರು. 1977ರಿಂದ 1986ರವರೆಗೆ ಸತತ 10 ವರ್ಷ ವೃತ್ತಿಪರ ಸ್ಪ್ರಿಂಟ್‌ನಲ್ಲಿ ವಿಶ್ವ ಚಾಂಪಿಯನ್. ಆದರೂ ಒಲಿಂಪಿಕ್ಸ್ ಭಾಗ್ಯ ಸಿಗಲಿಲ್ಲ. ದುಡ್ಡಿಗೆ ಸೈಕಲ್ ತುಳಿಯುವವರಿಗೆ ಆಗ ಅಲ್ಲಿ ಪ್ರವೇಶವೇ ಇರಲಿಲ್ಲ.

ನಾನು ಇವರ ಬಗ್ಗೆ ಓದಿದ್ದು ಮನೆಯ ಜಗಳದ ದೆಸೆಯಿಂದ. ಚಿಕ್ಕಪ್ಪನ ಮಗ ಸೈಕ್ಲಿಂಗ್ ಕಲಿಯಲು ಚಂದರಗಿ ಕ್ರೀಡಾ ಶಾಲೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ನಮ್ಮದು ಸವದತ್ತಿ ಕಡೆಯ ಹಳ್ಳಿ. ರಾಮದುರ್ಗ ತಾಲ್ಲೂಕಿನ ಚಂದರಗಿ ದೂರವೇನಲ್ಲ. ಆದರೆ ಅಜ್ಜಿಯದು ಒಂದೇ ಪ್ರಶ್ನೆ: "ಸೈಕಲ್ ತುಳದ್ರ ಹೊಟ್ಟಿ ತುಂಬತೈತೇನಪಾ?"

ನಕಾನೊ ಹೊಟ್ಟೆ ತುಂಬಿತ್ತು. ಅವರ ಅಪ್ಪನೂ ಇದೇ ಕಸುಬಿನವರು. ಜಪಾನಿನಲ್ಲಿ ಕೇರಿನ್ ಅಂತ ಒಂದು ಸೈಕಲ್ ಓಟ ಇದೆ. ಯುದ್ಧದಲ್ಲಿ ನೆಲಕಚ್ಚಿದ ಊರುಗಳಿಗೆ ದುಡ್ಡು ಹೊಂದಿಸಲು 1948ರಲ್ಲಿ ಕೊಕುರಾದಲ್ಲಿ ಶುರುವಾಯಿತು. ಜನ ಟಿಕೆಟ್ ತಗೊಂಡು ಬಾಜಿ ಕಟ್ಟುತ್ತಾರೆ, ಲಾಭದ ಪಾಲು ಊರಿನ ಆಡಳಿತಕ್ಕೆ. ಓಟಗಾರರಾಗಲು ಅದಕ್ಕೆಂದೇ ಇರುವ ಶಾಲೆಯಲ್ಲಿ ಕಲಿತು ಲೈಸೆನ್ಸ್ ಪಡೆಯಬೇಕು. ಸಾಮಾನ್ಯವಾಗಿ ಒಂಬತ್ತು ಮಂದಿ ಕಣದಲ್ಲಿ. ಮೊದಲು ಮುಂದಾಳು ಸವಾರನ ಹಿಂದೆ ಸಾಲಾಗಿ ಸಾಗಿ, ಕೊನೆಯ ಒಂದೆರಡು ಸುತ್ತು ಇರುವಾಗ ಮುನ್ನುಗ್ಗುತ್ತಾರೆ. ಸೈಕಲ್‌ಗೆ ಬ್ರೇಕ್ ಇಲ್ಲ. ಒಪ್ಪಿಗೆ ಪಡೆದ ಉಕ್ಕಿನ ಚೌಕಟ್ಟು ಬಿಟ್ಟು ಬೇರೆ ನಡೆಯಲ್ಲ, ಹಾಗಾಗಿ ದುಬಾರಿ ಸೈಕಲ್ ತಂದವನೇ ಗೆಲ್ಲುವ ಮಾತಿಲ್ಲ. ನನಗೆ ಬಹಳ ಹಿಡಿಸಿದ್ದು ಇದೇ. ಲಕ್ಷಗಟ್ಟಲೆ ರೂಪಾಯಿಯ ಕಾರ್ಬನ್ ಸೈಕಲ್ ಸುದ್ದಿ ಕೇಳಿಯೇ ನಮ್ಮ ಎಷ್ಟೋ ತಂದೆ-ತಾಯಿ ಸುಮ್ಮನಾಗುತ್ತಾರೆ.

1980ರಲ್ಲಿ ನಕಾನೊ ಬಹುಮಾನದಿಂದಲೇ ವರ್ಷಕ್ಕೆ 10 ಕೋಟಿ ಯೆನ್ ದಾಟಿದರು. ಜಪಾನಿನ ವೃತ್ತಿಪರ ಕ್ರೀಡಾಪಟುಗಳಲ್ಲಿ ಅವರೇ ಮೊದಲಿಗರು. 1992ರಲ್ಲಿ ನಿವೃತ್ತರಾದ ಮೇಲೂ ಟಿವಿಯಲ್ಲಿ ಜನ ಅವರನ್ನು ನೋಡುತ್ತಲೇ ಇದ್ದರು.

ನಮ್ಮಲ್ಲೂ ಬಾಜಿ ಬರಲಿ ಅಂತ ನಾನು ಹೇಳುತ್ತಿಲ್ಲ. ಓಸಿ ಚೀಟಿ ಬರೆಸಿ ಹೊಲ ಕಳಕೊಂಡವರನ್ನು ನೋಡಿದ್ದೇನೆ. ಆದರೆ ನೋಡುವ ಜನ ಬೇಕಲ್ಲ? ಕಿತ್ತೂರು ಉತ್ಸವದ ಕುಸ್ತಿಗೆ, ಜಾತ್ರೆಯ ಚಕ್ಕಡಿ ಶರ್ಯತ್ತಿಗೆ ಜನ ಮುಗಿಬೀಳುತ್ತಾರೆ. ಗೆದ್ದ ಎತ್ತಿನ ಹೆಸರೂ ನೆನಪಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿ ಮಕ್ಕಳು ಸೈಕ್ಲಿಂಗ್‌ನಲ್ಲಿ ಎಷ್ಟೋ ವರ್ಷಗಳಿಂದ ರಾಷ್ಟ್ರಮಟ್ಟದ ಪದಕ ತರುತ್ತಿದ್ದಾರೆ. ಅವರಲ್ಲಿ ಇಬ್ಬರ ಹೆಸರು ಹೇಳಿ ನೋಡೋಣ. ವಿಜಯಪುರದ ವೆಲೊಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆದಾಡಿತು, ಮಕ್ಕಳು ಲಾರಿಗಳ ಪಕ್ಕ ಹೆದ್ದಾರಿಯಲ್ಲೇ ತುಳಿದರು. ಪದಕ ಬಂದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಯೋ ಪೊಲೀಸೋ ನೌಕರಿ ಸಿಗಬಹುದು ಅನ್ನುವುದೇ ಆಸೆ.

ಇದನ್ನೆಲ್ಲ ಓದಿ ಹೇಳಿದೆ. ನೌಕರಿಯ ಮಾತಿಗೆ ಅಜ್ಜಿ ಸ್ವಲ್ಪ ಮೆತ್ತಗಾದಳು. ಚಿಕ್ಕಪ್ಪ ಆಗಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಓಡಿಸುವವನು ಅವನು. ಕೇಳಿದ್ದು ಇಷ್ಟೇ: "ಹುಡುಗರ್ನ ಯಾವ ರಸ್ತೇದಾಗ ಓಡಸ್ತಾರ?"