ಪೆರ್ಡೂರಿನ ತೋಟಗಳೂ ಮನೆಯ ಕೋವಿಯೂ

ಉಡುಪಿಯಿಂದ ಆಗುಂಬೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಣಿಪಾಲ, ಪರ್ಕಳ, ಹಿರಿಯಡಕಗಳನ್ನು ಹಿಂದಿಕ್ಕಿ, ಪುತ್ತಿಗೆಯ ಬಳಿ ಸುವರ್ಣಾ ನದಿಯನ್ನು ದಾಟಿ ಮುಂದುವರಿದರೆ ಪೆರ್ಡೂರು ದೊರೆಯುತ್ತದೆ. ಉಡುಪಿಗೂ ಈ ಊರಿಗೂ ೨೦ ಕಿಲೋಮೀಟರಿಗಿಂತ ತುಸು ಹೆಚ್ಚು ಅಂತರ. ಶ್ರೀ ಅನಂತಪದ್ಮನಾಭನ ದೇವಾಲಯದಿಂದಲೂ, ಆ ದೇವರ ಹೆಸರನ್ನು ಹೊತ್ತು ಊರೂರು ಸಂಚರಿಸುವ ಯಕ್ಷಗಾನ ಮೇಳದಿಂದಲೂ ಇದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಇಲ್ಲಿಯ ಸ್ವಾಮಿಯು ಕದಳೀಪ್ರಿಯನು. ಭಕ್ತರು ಬಾಳೆಯ ಹಣ್ಣನ್ನೇ ಹರಕೆಯಾಗಿ ಒಪ್ಪಿಸುತ್ತಾರೆ. ಸಿಂಹ ಸಂಕ್ರಮಣದಂದು ಹೊಸದಾಗಿ ಮದುವೆಯಾದ ದಂಪತಿಗಳು ದರ್ಶನಕ್ಕೆ ಬರುವುದರಿಂದ ಆ ದಿನದ ಉತ್ಸವಕ್ಕೆ ಮದುಮಕ್ಕಳ ಜಾತ್ರೆಯೆಂದೇ ಹೆಸರಾಗಿದೆ.

ಆದರೆ ಬಾಳೆಯು ದೇವರಿಗೆ ಮಾತ್ರ ಪ್ರಿಯವಾದುದಲ್ಲ. ಗುಡ್ಡದ ಮಂಗಗಳಿಗೂ ಅದು ಪ್ರಿಯವೇ. ದೇವಾಲಯದ ಬೀದಿಯನ್ನು ಬಿಟ್ಟು ಒಳದಾರಿಗಳಲ್ಲಿ ನಡೆದರೆ ಅಡಕೆ, ತೆಂಗು, ಬಾಳೆಗಳ ತೋಟಗಳೂ, ನಡುನಡುವೆ ಬೈಲು ಗದ್ದೆಗಳೂ, ಅವುಗಳ ಬೆನ್ನಿಗೇ ಹತ್ತಿದ ಕಾಡುಗುಡ್ಡಗಳೂ ಕಾಣುವುವು. ಗೃಹಸ್ಥನು ವರ್ಷವಿಡೀ ನೀರೆರೆದು ಬೆಳೆಸಿದ ಗೊನೆಯನ್ನು ಮಂಗನ ಹಿಂಡು ಒಂದು ಹೊತ್ತಿನಲ್ಲಿ ತೀರಿಸಿಬಿಡುತ್ತದೆ. ತೆನೆಗಟ್ಟಿದ ಗದ್ದೆಯನ್ನು ಹಂದಿಗಳು ಒಂದೇ ರಾತ್ರಿಯಲ್ಲಿ ಉತ್ತುಹಾಕುತ್ತವೆ. ಇಂತಹ ಸೀಮೆಯಲ್ಲಿ ಮನೆಗೊಂದು ಕೋವಿ ಇರಬೇಕೆಂಬ ಆಸೆ ಹುಟ್ಟುವುದು ಸಹಜ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿಯುಂಟು. ಅಲ್ಲಿ ಕೋವಿಯು ಕುಲಾಚಾರಕ್ಕೂ ಸೇರಿದ ವಸ್ತು. ನಮ್ಮ ತುಳುನಾಡಿನಲ್ಲಾದರೋ ಅದು ತೋಟ ಕಾಯುವ ಒಂದು ಉಪಕರಣ, ಅದೂ ಸರಕಾರದ ಪರವಾನಗಿಯ ಮೇಲೆ.

ತುಳುವಿನಲ್ಲಿ ಕೋವಿಗೆ ಬೆಡಿ ಎನ್ನುತ್ತಾರೆ. ಪುತ್ತೂರು, ಕುಂಬಳೆಗಳ ಜಾತ್ರೆಯಲ್ಲಿ ಸುಡುವ ಸಿಡಿಮದ್ದಿಗೂ ಅದೇ ಹೆಸರು. ತೋಟಕ್ಕೆ ಬೇಕಾದುದು ಸದ್ದೇ ಎಂಬುದನ್ನು ಈ ಒಂದು ಶಬ್ದವೇ ಸೂಚಿಸುವಂತಿದೆ. ಹಳೆಯ ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಯಿಂದ ಮದ್ದನ್ನು ಸುರಿದು, ನಾರನ್ನು ಗಜದಿಂದ ಜಡಿದು, ಹಿಂದೆ ಕೇಪನ್ನಿಟ್ಟು ಹೊಡೆದರೆ ಚರೆಯಿಲ್ಲದೆಯೂ ಗುಡ್ಡವೆಲ್ಲ ಮೊಳಗುವಷ್ಟು ಸದ್ದಾಗುತ್ತದೆ.

ಈಚೆಗೆ ಕಿರಿಯರಲ್ಲಿ ಬೇರೊಂದು ಆಸೆಯೂ ಕಾಣಬರುತ್ತದೆ. ೧೯೪೮ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ಶಿಕ್ಷಣದಲ್ಲಿ ಪಾಯಿಂಟ್ ೨೨ ರೈಫಲನ್ನು ಹಿಡಿದವರು ಅದರ ಗುಣವನ್ನು ಮರೆಯಲಾರರು. ಅದು ಹಗುರ, ಒದೆತ ಅಲ್ಪ, ಇತರ ರೈಫಲುಗಳಿಗಿಂತ ಅಗ್ಗ. ಚಿಲಕದಂತಹ ಬೋಲ್ಟನ್ನು ಎತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟೆ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿ ತಗ್ಗಿಸಿದರೆ ಹೊಸತು ಕೂಡುತ್ತದೆ. ತೋಟೆಯ ಅಂಚಿನ ಒಳಗೆ ಸಿಡಿಮದ್ದು ಸುತ್ತಲೂ ಹರಡಿರುವುದರಿಂದ ಸೂಜಿಯು ಆ ಅಂಚನ್ನು ಜಜ್ಜಿದೊಡನೆ ಈಡು ಹಾರುತ್ತದೆ. ೧೮೮೭ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಮಾದರಿಯ ತೋಟೆಯೇ ಇಂದಿಗೂ ಜಗತ್ತಿನ ಗುರಿಕಾರರ ಮೊದಲ ಪಾಠವಾಗಿದೆ. ನಮ್ಮ ದೇಶದಲ್ಲಿ ಇಛಾಪುರದ ರೈಫಲ್ ಕಾರ್ಖಾನೆಯು ಇಂತಹ ರೈಫಲುಗಳನ್ನು ತಯಾರಿಸಿದೆ.

ಹೀಗಿರಲು, ಇಷ್ಟು ಸುಲಭವಾದ ಆಯುಧವು ರೈತನಿಗೇಕೆ ಸಲ್ಲದು? ೧೯೫೯ರ ಆಯುಧ ಕಾನೂನಿನ ೧೩ನೆಯ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಪಾಯಿಂಟ್ ೨೨ ರೈಫಲನ್ನು ಅದು ಹೆಸರಿಸಿರುವುದು ಮಾನ್ಯತೆ ಪಡೆದ ರೈಫಲ್ ಸಂಘದ ಸದಸ್ಯನ ಗುರಿಯ ಅಭ್ಯಾಸಕ್ಕೆ. ಹೊಲ ಕಾಯುವವನಿಗೆ ಹಳತು, ಆಟವಾಡುವವನಿಗೆ ಹೊಸತು. ಇದು ತಲೆಕೆಳಗಾದ ನ್ಯಾಯವೆಂದು ಮೊದಲು ತೋರಬಹುದು. ಪೆರ್ಡೂರಿನ ತೋಟದ ನಡುವೆ ನಿಂತು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಪ್ರತಿಯೊಂದು ಹಿತ್ತಿಲ ಆಚೆಗೂ ಇನ್ನೊಂದು ಅಂಗಳವಿದೆ, ಶಾಲೆಗೆ ಹೋಗುವ ಮಕ್ಕಳ ಕಾಲುದಾರಿಯಿದೆ. ಎರಡೂವರೆ ಗ್ರಾಮು ತೂಕದ ಆ ಪುಟ್ಟ ಗುಂಡು ಸುಮಾರು ೨ ಕಿಲೋಮೀಟರು ದೂರದವರೆಗೂ ಹೋಗಬಲ್ಲದು. ಅಡಕೆಮರದ ತುದಿಯತ್ತ ಹಾರಿಸಿದ್ದು ಯಾರ ಅಂಗಳದಲ್ಲಿ ಬೀಳುವುದೆಂದು ಹೊಡೆದವನು ಬಲ್ಲನೆ? ಚರೆಯಾದರೋ ಕೆಲವು ನೂರು ಮೀಟರುಗಳಲ್ಲಿ ಬಲಗುಂದಿ ಉದುರುತ್ತದೆ. ಅಲ್ಲದೆ, ಕಿರುರೈಫಲಿನ ಸದ್ದು ಅಲ್ಪವಾದುದರಿಂದ ಹಿಂಡನ್ನು ಬೆದರಿಸುವುದಕ್ಕೂ ಅದು ಅಷ್ಟಾಗಿ ಒದಗದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೇರೆಗೆ, ಅಧಿಕಾರಿಗಳ ಅಪ್ಪಣೆಯಿಲ್ಲದೆ ಕಾಡುಮೃಗವನ್ನು ಕೊಲ್ಲುವುದು ಅಪರಾಧವಾದುದರಿಂದ, ಗುರಿಯ ನೈಪುಣ್ಯಕ್ಕಿಂತ ಸದ್ದೇ ಇಂದು ರೈತನ ಪಾಲಿಗೆ ಉಳಿದಿರುವ ಬಲ.

ಕೋವಿಯ ಬೆಲೆ ಅಂಗಡಿಯಲ್ಲಿ ಮುಗಿಯುವುದಿಲ್ಲವೆಂಬುದನ್ನೂ ಗೃಹಸ್ಥರು ಅರಿತಿರಬೇಕು. ೨೦೧೯ರ ತಿದ್ದುಪಡಿಯಂತೆ ಪರವಾನಗಿಯ ಅವಧಿ ೫ ವರ್ಷ. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿಗಳು ಸಲ್ಲವು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕಾಗುವುದುಂಟು. ಮಂಗಗಳಿಗೆ ಚುನಾವಣೆಯ ತಿಳಿವಿಲ್ಲವಾದುದರಿಂದ ಆ ದಿನಗಳಲ್ಲಿ ರೈತರಿಗಾಗುವ ಸಂಕಟ ಸಣ್ಣದಲ್ಲ. ಯಜಮಾನನು ತೀರಿಕೊಂಡರೆ ಮಗನು ಅದನ್ನು ಹಾಗೆಯೇ ಅಟ್ಟದಲ್ಲಿಟ್ಟುಕೊಳ್ಳುವಂತಿಲ್ಲ. ತನ್ನ ಹೆಸರಿಗೆ ಪರವಾನಗಿ ಪಡೆಯಬೇಕು, ಇಲ್ಲವೆ ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಬೇಕು. ೭೦ ವರ್ಷ ತುಂಬಿದ ಯಜಮಾನನು ಬದುಕಿರುವಾಗಲೇ ವಾರಸುದಾರನಿಗೆ ಪರವಾನಗಿ ದೊರಕಿಸಲು ೨೦೧೬ರ ನಿಯಮಗಳು ಅವಕಾಶ ಕೊಟ್ಟಿವೆ; ಹಿರಿಯರಿರುವ ಮನೆಯವರು ಇದನ್ನು ನೆನಪಿನಲ್ಲಿಡುವುದು ಒಳಿತು. ಎಲ್ಲಕ್ಕಿಂತ ಮುಖ್ಯವಾದುದು, ಮಕ್ಕಳಿರುವ ಮನೆಯಲ್ಲಿ ಕೋವಿಯನ್ನು ಬರಿದು ಮಾಡಿ ಕೀಲಿಯೊಳಗಿಡುವುದು, ಮದ್ದನ್ನೂ ತೋಟೆಯನ್ನೂ ಬೇರೆಡೆ ಇಡುವುದು.

ಗುರಿಯ ವಿದ್ಯೆಯಲ್ಲಿ ಒಲವುಳ್ಳ ತರುಣರು ಸಂಘವನ್ನು ಸೇರಿ, ಗುಂಡನ್ನು ತಡೆಯುವ ಮಣ್ಣಿನ ದಿಬ್ಬದೆದುರು ಕಿರುರೈಫಲನ್ನು ಅಭ್ಯಾಸ ಮಾಡಲಿ. ಅದು ಕಣ್ಣಿಗೂ ಮನಸ್ಸಿಗೂ ಉತ್ತಮವಾದ ಶಿಸ್ತು. ಪೆರ್ಡೂರಿನಂತಹ ಊರಿನ ತೋಟಕ್ಕೆ ಮಾತ್ರ ಹಿರಿಯರ ಬೆಡಿಯ ದೊಡ್ಡ ಸದ್ದೇ ಸಾಕು. ಮಂಗನ ಕೈಗೆ ಹೋದ ಗೊನೆಯ ಬದಲು ಮರುವರ್ಷ ಇನ್ನೊಂದು ಗೊನೆ ಬಂದೀತು. ದಿಕ್ಕು ತಪ್ಪಿದ ಗುಂಡಿನಿಂದ ನೆರೆಮನೆಗೆ ಆಗುವ ನಷ್ಟವನ್ನು ಯಾವ ಬೆಳೆಯೂ ತುಂಬಿಕೊಡಲಾರದು.